ಇಪ್ಪತ್ತಾರನೇ ಟೇಬಲ್ಲಿನ ಬುದ್ಧ

ಟೂರು ಮ್ಯಾನೇಜರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಬಂಟ್ವಾಳದ ನಮ್ಮ ಮನೆಗೆ ಬರುತ್ತಾರೆ. ಯಾವ ದಾರಿ ಹತ್ತಿರ, ಯಾವ ಲಾಡ್ಜಿನಲ್ಲಿ ಬಿಸಿನೀರು ಸರಿಯಾಗಿ ಬರುತ್ತದೆ ಎಂದು ಕೇಳುತ್ತಾರೆ. ಅದನ್ನೆಲ್ಲ ಅವರ ಜೇಬಿನಲ್ಲಿರುವ ಫೋನು ನನಗಿಂತ ಚೆನ್ನಾಗಿ ಹೇಳುತ್ತದೆ. ಫೋನಿಗೆ ತಿಳಿಯದ ಸಂಗತಿ ಎಂದರೆ ಬಸ್ಸಿನಲ್ಲಿ ಕೂತ ಜನ. ಯಾರಿಗೆ ಕಿಟಕಿಯೇ ಬೇಕು, ಯಾರಿಗೆ ಯಾರ ಪಕ್ಕ ಕೂತರೆ ಆಗುವುದಿಲ್ಲ, ಯಾರು ಇಡೀ ದಾರಿ ನಿದ್ದೆ ಹೊಡೆದು ಊರಿಗೆ ಬಂದ ಮೇಲೆ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ ಎಂಬುದು ತಿಳಿದಿದ್ದರೆ ಈ ಕೆಲಸದಲ್ಲಿ ಉಳಿಯಬಹುದು. ಹಾಗಾಗಿ ಅವರಿಗೆ ಚಹಾ ಕೊಟ್ಟು, ದಾರಿಯ ಬದಲು ಜನರ ಕತೆ ಹೇಳುತ್ತೇನೆ. ಅದರಲ್ಲಿ ನನಗೆ ಬಹಳ ಪ್ರೀತಿಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬ್ಯಾರಿಗಳ, ಎಂದರೆ ಕರಾವಳಿಯ ಮುಸ್ಲಿಮರ ಮನೆ. ಅಣ್ಣಂದಿರೆಲ್ಲ ಗಲ್ಫಿಗೆ ಹೋದರು, ನಾನು ಅಜಂತಾಕ್ಕೆ ಹೋದೆ. ಗುರುವಾಯನಕೆರೆಯ ಒಂದು ಪ್ರವಾಸಿ ಬಸ್ಸಿನ ಕಂಪೆನಿಯಲ್ಲಿ ನನಗೆ ಕೆಲಸ. ಮಳೆಗಾಲ ಕಳೆದು ಬೇಸಗೆ ಬರುವವರೆಗೆ ಮಹಾರಾಷ್ಟ್ರದ ಟೂರುಗಳೆಲ್ಲ ನನ್ನ ಪಾಲಿಗೆ. ಅಣ್ಣಂದಿರು ರಜೆಯಲ್ಲಿ ಬರುವಾಗ ಅತ್ತರು, ಕಂಬಳಿ ತರುತ್ತಿದ್ದರು. ನಾನು ಬಟ್ಟೆಯ ತುಂಬ ಗುಹೆಯ ಧೂಳು ತರುತ್ತಿದ್ದೆ. ನಾನು ಬ್ಯಾಗು ತುಂಬಿಸುವಾಗಲೆಲ್ಲ ಉಮ್ಮ ಬಾಗಿಲಿನಲ್ಲಿ ನಿಂತು, "ಪುನಃ ಆ ಕಲ್ಲು ನೋಡ್ಲಿಕ್ಕಾ ಹಮೀದ್? ಕಳೆದ ಸಲ ನೋಡಿದ್ದು ಸಾಕಾಗ್ಲಿಲ್ವಾ ನಿನಗೆ?" ಎಂದು ಕೇಳುತ್ತಿದ್ದರು. ಸಾಕಾಗಿರಲಿಲ್ಲ. ನಿವೃತ್ತನಾದ ಮೇಲೂ ಸಾಕಾಗಿಲ್ಲ.

ಹೊಸಬರು ಮೊದಲು ಕಲಿಯಬೇಕಾದದ್ದು ಅಕ್ಕಿಯ ವಿಚಾರ. ಘಟ್ಟ ದಾಟಿದ ಮೇಲೆ ನಮ್ಮವರಿಗೆ ಬೇರೆ ಅನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ಆದ್ದರಿಂದ ಕುಚ್ಚಲಕ್ಕಿ ಮೂಟೆ, ಗ್ಯಾಸ್ ಒಲೆ, ದೊಡ್ಡ ಪಾತ್ರೆಗಳು, ಉಪ್ಪಿನಕಾಯಿ ಭರಣಿ, ಇವೆಲ್ಲದರ ಜೊತೆ ಅಡುಗೆಯವರೊಬ್ಬರು ಬಸ್ಸಿನಲ್ಲೇ ಬರುತ್ತಾರೆ. ನಮ್ಮ ಅಡುಗೆಯ ಬಾಬಣ್ಣ ಎಲ್ಲಿ ಮರದ ನೆರಳು ಕಂಡರೂ ಅಲ್ಲಿ ಗಂಜಿ ಬೇಯಿಸುತ್ತಿದ್ದರು. ಒಮ್ಮೆ ಸೊಲ್ಲಾಪುರದ ಹತ್ತಿರ ಬಸ್ಸಿಗೆ ಬಸ್ಸೇ ಸಾಲಾಗಿ ಕೂತು ಗಂಜಿ ಕುಡಿಯುವುದನ್ನು ಕಂಡ ಹಳ್ಳಿಯವರೊಬ್ಬರು ನನ್ನನ್ನು ಕರೆದು, ಇಷ್ಟು ಜನಕ್ಕೂ ಒಟ್ಟಿಗೇ ಜ್ವರ ಬಂದದ್ದು ಹೇಗೆ ಎಂದು ಬಹಳ ಕಾಳಜಿಯಿಂದ ವಿಚಾರಿಸಿದ್ದರು.

ಎರಡನೆಯದು ಸೂರ್ಯನ ವಿಚಾರ. ಮೂಡುಬಿದಿರೆಯಿಂದ ಹತ್ತುವ ಜೈನರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುತ್ತಾರೆ. ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟುವುದಿಲ್ಲ. ನನಗೆ ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್ ನಮಾಜು. ಹಾಗಾಗಿ ನಮ್ಮ ಬಸ್ಸು ಸಂಜೆ ಒಂದೇ ಸಲ ನಿಲ್ಲುತ್ತಿತ್ತು. ಅವರು ಕೈ ತೊಳೆಯುವ ಹೊತ್ತಿಗೆ ನಾನು ಚಾಪೆ ಬಿಡಿಸುತ್ತಿದ್ದೆ. ಈ ಲೆಕ್ಕಾಚಾರ ಒಂದು ದಿನವೂ ತಪ್ಪಿದ್ದಿಲ್ಲ ಎಂದು ಹೇಳಬಹುದಿತ್ತು. ಒಂದು ದಿನ ತಪ್ಪಿತು, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ದಣಿಗಳು, ಎಂದರೆ ಬಸ್ಸಿನ ಮಾಲಕರು, ಮೊದಲು ಬೆಳ್ತಂಗಡಿಯಲ್ಲಿ ಮರದ ವ್ಯಾಪಾರ ಮಾಡಿಕೊಂಡಿದ್ದವರು. ಅವರ ಪ್ರಕಾರ ಮಹಾರಾಷ್ಟ್ರ ಎಂದರೆ ಶಿರ್ಡಿ, ತ್ರ್ಯಂಬಕ, ಘೃಷ್ಣೇಶ್ವರ. "ಗುಹೆಗೆ ಅರ್ಧ ಗಂಟೆ ಧಾರಾಳ ಸಾಕು" ಎಂದು ಕಟ್ಟಪ್ಪಣೆ. ಅರ್ಧ ಗಂಟೆಯಲ್ಲಿ ವೇರೂಳದ, ಎಂದರೆ ಎಲ್ಲೋರಾದ ಗುಹೆಯೊಳಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದೇ ಕಷ್ಟ. ಅದಕ್ಕೆ ನಾನು ಟಯರಿನ ನೆಪ ಹಿಡಿದುಕೊಂಡೆ. ದಣಿಗಳು ಫೋನು ಮಾಡಿ ಎಲ್ಲಿದ್ದೀರಿ ಎಂದರೆ, ಟಯರಿನ ಗಾಳಿ ನೋಡಿಸ್ತಾ ಇದ್ದೇವೆ ಎನ್ನುತ್ತಿದ್ದೆ. ಮೂರು ಟೂರಿನ ಮೇಲೆ ಅವರು ಕೇಳಿದರು, "ಎಂತ ಮಾರಾಯ, ನಮ್ಮ ಟಯರಿಗೆ ಗುಹೆ ಕಂಡ ಕೂಡ್ಲೇ ಗಾಳಿ ಹೋಗುದಾ?"

ಮುಂದಿನ ಟೂರಿಗೆ ಟಯರು ಪರೀಕ್ಷಿಸಲು ಸ್ವತಃ ಬಂದರು. ನಾನು ಅವರನ್ನು ವೇರೂಳದ ಹತ್ತನೇ ಗುಹೆಗೆ ಕರೆದುಕೊಂಡು ಹೋದೆ. ಒಳಗೆ ಸ್ತೂಪದ ಮುಂದೆ ಬುದ್ಧ ಕಾಲಿಳಿಬಿಟ್ಟು ಕೂತಿದ್ದಾನೆ. ದಣಿಗಳು ಬುದ್ಧನನ್ನು ನೋಡಲೇ ಇಲ್ಲ. ತಲೆ ಎತ್ತಿ ಮಾಡನ್ನು, ಎಂದರೆ ಚಾವಣಿಯನ್ನು ನೋಡುತ್ತ ನಿಂತರು. ಮಾಡನ್ನು ಹೊರುವ ಪಕ್ಕಾಸುಗಳು ಕಮಾನಿನಂತೆ ಬಾಗಿ ಸಾಲು ಸಾಲಾಗಿವೆ.

"ಹಮೀದ್, ಇದು ಯಾವ ಮರ? ಹಲಸಾ, ಸಾಗುವಾನಿಯಾ? ಇಷ್ಟು ವರ್ಷ ಆದ್ರೂ ಹುಳ ಹಿಡೀಲಿಲ್ಲ ನೋಡು."

"ಮರ ಅಲ್ಲ ದಣಿ, ಕಲ್ಲು."

"ಹೋಗಾ. ಮರದಲ್ಲೇ ಹುಟ್ಟಿ ಬೆಳೆದವ ನಾನು. ನನಗೆ ಹೇಳ್ತೀಯಾ?"

ಕೊನೆಗೆ ಅಲ್ಲಿಯ ಕಾವಲುಗಾರರು ಬಂದು, ಇಡೀ ಗುಹೆ ಒಂದೇ ಬಂಡೆಯಿಂದ ಕಡಿದದ್ದು, ಮರದ ಮಾಡಿನ ಹಾಗೆ ಕಾಣಲಿ ಎಂದೇ ಶಿಲ್ಪಿಗಳು ಪಕ್ಕಾಸುಗಳನ್ನೂ ಕಲ್ಲಿನಲ್ಲೇ ಬಿಡಿಸಿದ್ದಾರೆ ಎಂದು ವಿವರಿಸಿದರು. ದಣಿಗಳು ನೆಲದ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಪುನಃ ತಲೆ ಎತ್ತಿ ನೋಡಿ, "ನಮ್ಮ ಆಚಾರಿಗಳಿಗೆ ಇದನ್ನು ತೋರಿಸ್ಬೇಕು ಮಾರಾಯ" ಎಂದರು. ಆ ವರ್ಷದಿಂದ ಗುಹೆಗಳಿಗೆ ಪೂರ್ತಿ ದಿನ ಸಿಕ್ಕಿತು. ಆದರೆ ಟಯರಿನ ಮಾತು ನಮ್ಮಿಬ್ಬರ ನಡುವೆ ಹಾಗೆಯೇ ಉಳಿಯಿತು.

ಬೆಳಕಿನ ಪದ್ಧತಿಯೂ ನನ್ನ ಕಾಲದಲ್ಲೇ ಬದಲಾಯಿತು. ನಾನು ಹೊಸಬನಾಗಿದ್ದಾಗ ಅಜಂತಾದಲ್ಲಿ ವಯಸ್ಸಾದ ಗೈಡೊಬ್ಬರು ಬಾಗಿಲಿನ ಹೊರಗೆ ತಗಡು ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಿದ್ದರು. ಒಳಗೆ ಬಿಳಿ ಬಟ್ಟೆ ಹಿಡಿದು ನಿಂತರೆ ಆ ಬೆಳಕು ಗೋಡೆಯ ಮೇಲೆಲ್ಲ ಹರಡುತ್ತಿತ್ತು. ನಮ್ಮ ಬಸ್ಸಿನವರು ಹೆಚ್ಚುವರಿ ಪಂಚೆ ತರುವುದರಿಂದ ಬಿಳಿ ಬಟ್ಟೆಗೆ ಬರಗಾಲವಿರಲಿಲ್ಲ. ಬಂಟ್ವಾಳದ ಪಂಚೆಯ ಬೆಳಕಿನಲ್ಲಿ ಬೋಧಿಸತ್ತ್ವನ ಮುಖ ನೋಡಿದ ಸುಖ ಈಗಿನ ವಿದ್ಯುತ್ ದೀಪದಲ್ಲಿ ಇಲ್ಲ. ಈಗ ಎಲ್ಲರೂ ಫೋನು ಎತ್ತಿ ಹಿಡಿಯುತ್ತಾರೆ. ಬುದ್ಧನಿಗೆ ಬೆನ್ನು ಹಾಕಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ಇರಲಿ, ಮುದುಕರ ಗೊಣಗಾಟ ಎಂದು ಬಿಟ್ಟುಬಿಡಿ.

ಇನ್ನು ಸಂಜೀವ ಶೆಟ್ಟರ ಕತೆ. ಅದು ನನ್ನ ಕೊನೆಯ ಟೂರುಗಳಲ್ಲಿ ಒಂದು.

ಮಡಂತ್ಯಾರಿನಲ್ಲಿ ಅವರನ್ನು ಸಂಜೀವ ಶೆಟ್ಟರು ಎಂದರೆ ಯಾರಿಗೂ ತಿಳಿಯುವುದಿಲ್ಲ. ಅಜಂತಾ ಶೆಟ್ಟರು ಎನ್ನಬೇಕು. ಹರೆಯದಲ್ಲಿ ಔರಂಗಾಬಾದಿಗೆ ಹೋಗಿ, ಬಸ್ ನಿಲ್ದಾಣದ ಹತ್ತಿರ ಹೋಟೆಲು ಮಾಡಿ, ಆಯುಷ್ಯದ ಬಹುಪಾಲು ಅಲ್ಲೇ ಗಲ್ಲಾದಲ್ಲಿ ಕೂತವರು. ಆ ಊರಿನ ಹೆಸರು ಈಗ ಬದಲಾಗಿದೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಹೆಂಡತಿ ವಾರಿಜಕ್ಕನ ಜೊತೆ ಊರಿಗೆ ಬಂದ ಮೇಲೆ ಶೆಟ್ಟರಿಗೆ ಒಂದೇ ಕೆಲಸ, ಅಜಂತಾವನ್ನು ವರ್ಣಿಸುವುದು. ಮದುವೆ ಊಟದ ಪಂಕ್ತಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಸೊಸೈಟಿಯ ಕ್ಯೂನಲ್ಲಿ ಅದೇ ಮಾತು. ಎಷ್ಟು ಸೊಗಸಾಗಿ ಹೇಳುತ್ತಿದ್ದರೆಂದರೆ ಆ ಸಲ ನಮ್ಮ ಬಸ್ಸಿನ ಅರ್ಧ ಸೀಟು ಅವರ ಮಾತು ಕೇಳಿದವರಿಂದಲೇ ಭರ್ತಿಯಾಗಿತ್ತು. "ಗೈಡ್ ಬೇಡ ಹಮೀದಣ್ಣ, ನಮ್ಮ ಶೆಟ್ರಿದ್ದಾರಲ್ಲ" ಎಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು.

ಔರಂಗಾಬಾದಿನ ಲಾಡ್ಜಿನಲ್ಲಿ ಸಂಜೆಯ ಊಟ ಮುಗಿದು, ನನ್ನ ನಮಾಜೂ ಮುಗಿದಿತ್ತು. ಮರುದಿನ ಬೆಳಿಗ್ಗೆ ಅಜಂತಾ. ಶೆಟ್ಟರು ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದರು. ಮುಖ ಸಣ್ಣದಾಗಿತ್ತು.

"ಹಮೀದ್, ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು. ನಾನು ಅಜಂತಾ ನೋಡ್ಲಿಲ್ಲ."

"ಈಚೆಗೆ ನೋಡ್ಲಿಲ್ವಾ?"

"ಒಮ್ಮೆಯೂ ನೋಡ್ಲಿಲ್ಲ ಮಾರಾಯ!"

ನನಗೆ ನಗು ಬಂತು, ಅವರ ಕಣ್ಣು ನೋಡಿ ನುಂಗಿಕೊಂಡೆ.

"ಹೇಗೆ ನೋಡುದು ಹೇಳು. ಸೀಸನಿನಲ್ಲಿ ಹೋಟೆಲ್ ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಮಳೆಗಾಲದಲ್ಲಿ ಊರಿಗೆ ಬರ್ತಿದ್ದೆ. ಗುಹೆ ನೋಡಿ ಬಂದವರೆಲ್ಲ ನಮ್ಮಲ್ಲಿ ಚಾ ಕುಡಿಯುದು. ಅವರು ಹೇಳುದನ್ನು ಗಲ್ಲಾದಲ್ಲಿ ಕೂತು ಕೇಳಿ ಕೇಳಿ, ನಾನೇ ನೋಡಿದ ಹಾಗೆ ಆಗಿಹೋಗಿತ್ತು. ವಾರಿಜ ಮದುವೆಯಾಗಿ ಬಂದಾಗ, ಬರುವ ಶುಕ್ರವಾರ ಹೋಗುವ ಅಂತ ಹೇಳಿದ್ದೆ. ಆ ಶುಕ್ರವಾರ ಬರ್ಲೇ ಇಲ್ಲ."

"ಹಾಗಾದ್ರೆ ನಾಳೆ?"

"ಅದೇ. ನಾಳೆ ಎಲ್ಲರೂ ನನ್ನ ಬಾಯಿ ನೋಡ್ತಾರೆ. ಯಾವ ಬಾಗಿಲಿನಲ್ಲಿ ಒಳಗೆ ಹೋಗ್ಬೇಕು ಅಂತಲೇ ನನಗೆ ಗೊತ್ತಿಲ್ಲ. ಸುಳ್ಳುಗಾರ ಅಂತ ಆದ್ರೆ ಮತ್ತೆ ಮಡಂತ್ಯಾರು ಪೇಟೆಯಲ್ಲಿ ತಲೆ ಎತ್ತಿ ನಡೀಲಿಕ್ಕುಂಟಾ? ಈ ವಯಸ್ಸಿನಲ್ಲಿ ಬೇರೆ ಎಂತ ಉಂಟು ನನ್ನ ಹತ್ರ, ಆ ಒಂದು ಹೆಸರು ಬಿಟ್ರೆ?"

ಅವರನ್ನು ಲಾಡ್ಜಿನ ಊಟದ ಹಾಲಿಗೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಸ್ಟೀಲು ಲೋಟಗಳನ್ನು ಕುದುರೆ ಲಾಳದ ಆಕಾರದಲ್ಲಿ ಜೋಡಿಸಿ, ಇದು ಹೊಳೆ, ಇದು ಗುಡ್ಡದ ಬಳಸು, ಇವು ಗುಹೆಗಳು ಎಂದು ಪಾಠ ಶುರುಮಾಡಿದೆ. ಮೊದಲು ಅವರಿಗೆ ತಲೆಗೇ ಹತ್ತಲಿಲ್ಲ. ಆಮೇಲೆ ಅವರೇ ದಾರಿ ಹುಡುಕಿಕೊಂಡರು. "ನಿಲ್ಲು ನಿಲ್ಲು. ಗುಹೆ ಅಂತ ಹೇಳ್ಬೇಡ. ಟೇಬಲ್ ಅಂತ ಹೇಳು."

ಅದರ ಮೇಲೆ ಪಾಠ ಸರಸರ ಓಡಿತು. ಒಂದನೇ ಟೇಬಲ್, ಬಾಗಿಲ ಎಡಗಡೆ ತಾವರೆ ಹಿಡಿದವರು, ಒಳಗೆ ಉಪದೇಶ ಮಾಡುವವರು. ಒಂಬತ್ತು, ಹತ್ತು, ಹಳೇ ಗಿರಾಕಿಗಳು, ಸ್ತೂಪವೇ ಮುಖ್ಯ. ಹತ್ತೊಂಬತ್ತನೇ ಟೇಬಲ್, ಹೊರಗೆ ದೊಡ್ಡ ಲಾಳದ ಕಿಟಕಿ. ಇಪ್ಪತ್ತಾರನೇ ಟೇಬಲ್, ಒಳಗೆ ಹೋಗಿ ಎಡಕ್ಕೆ, ಮಲಗಿದವರು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, "ಒಂದು ಪ್ಲೇಟ್ ಇಡ್ಲಿಯೂ ತಪ್ಪಿದವನಲ್ಲ ನಾನು" ಎಂದು ಎದೆ ಉಬ್ಬಿಸಿದರು.

ಮರುದಿನ ಒಂದನೇ ಗುಹೆಯಲ್ಲಿ ಶೆಟ್ಟರು ಚೆನ್ನಾಗಿಯೇ ಆರಂಭಿಸಿದರು. ತಾವರೆ ಹಿಡಿದ ಪದ್ಮಪಾಣಿಯ ಬಾಗಿದ ಹುಬ್ಬು, ಅರೆಮುಚ್ಚಿದ ಕಣ್ಣು ಎಲ್ಲ ಸರಿಯಾಗಿ ಬಂತು. ಗರ್ಭಗುಡಿಯ ಬುದ್ಧನ ಎದುರು ತೊಡಕಾಯಿತು. ಅಲ್ಲಿ ನಮ್ಮ ಪದ್ಮರಾಜ ಮಾಸ್ಟ್ರು ಮುಂದೆ ಬಂದರು. ಮೂಡುಬಿದಿರೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಆ ಸಲ ಬಸ್ಸಿನಲ್ಲಿದ್ದ ಒಬ್ಬರೇ ಜೈನರು. ಬಸದಿಗಳ ನಡುವೆ ಬೆಳೆದವರ ಕಣ್ಣು ಮೂರ್ತಿಯ ಮುಖಕ್ಕೆ ಹೋಗುವುದಿಲ್ಲ, ಮೊದಲು ಪೀಠಕ್ಕೆ ಹೋಗುತ್ತದೆ. ಎಲ್ಲ ತೀರ್ಥಂಕರರ ಮುಖವೂ ಒಂದೇ ತರ ಇರುವುದರಿಂದ ಪೀಠದ ಮೇಲಿನ ಗುರುತು ನೋಡಿ ಹೆಸರು ಹೇಳುವುದು ಅವರ ರೂಢಿ. ಮಾಸ್ಟ್ರು ಬಗ್ಗಿ ನೋಡಿದರು. ಪೀಠದಲ್ಲಿ ಚಕ್ರ, ಅದರ ಆಚೆ ಈಚೆ ಜಿಂಕೆ.

"ಜಿಂಕೆ!" ಎಂದು ಅವರು ಸಂತೋಷದಿಂದ ಕೂಗಿದರು. "ಶಾಂತಿನಾಥ ಸ್ವಾಮಿ! ಹೌದಲ್ಲ ಶೆಟ್ರೇ? ಇಲ್ಲಿಯವರು ಬುದ್ಧ ಅಂತ ಬೋರ್ಡು ಹಾಕಿದ್ದಾರೆ!"

ಇದು ನಮ್ಮ ಪಾಠದಲ್ಲಿ ಇರಲಿಲ್ಲ. ಶೆಟ್ಟರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ವಾರಿಜಕ್ಕ ಮಾತಾಡಿದರು. ಅವರ ತವರು ಪುತ್ತಿಗೆ, ಮೂಡುಬಿದಿರೆಯ ಬಸದಿಗಳನ್ನು ಚಿಕ್ಕಂದಿನಿಂದ ಕಂಡವರು.

"ಮಾಸ್ಟ್ರೇ, ಹೆಗಲಿನಲ್ಲಿ ಬಟ್ಟೆಯ ಗೆರೆ ಕಾಣ್ತದಲ್ಲ. ಶಾಂತಿನಾಥ ಸ್ವಾಮಿಗೆ ಬಟ್ಟೆ ಉಂಟಾ?"

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡರು. ಆ ಒಂದು ಗಳಿಗೆ ಶೆಟ್ಟರಿಗೆ ಸಾಕಾಯಿತು. ಗಲ್ಲಾದಲ್ಲಿ ಕೂತು ಕೇಳಿದ್ದ ಯಾವುದೋ ಹಳೆಯ ಮಾತು ತಾನಾಗಿ ಎದ್ದು ಬಂತು. "ಇವರು ಮೊದಲ ಉಪದೇಶ ಮಾಡಿದ್ದು ಜಿಂಕೆಗಳಿದ್ದ ವನದಲ್ಲಿ ಮಾಸ್ಟ್ರೇ. ಅದಕ್ಕೆ ಜಿಂಕೆ. ಚಕ್ರ ಅಂದ್ರೆ ಅವರ ಧರ್ಮ." ಕಾವಲುಗಾರರು ದೀಪವನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸಿ ತೋರಿಸಿದರು. ಗಂಭೀರವಾಗಿದ್ದ ಕಲ್ಲಿನ ತುಟಿ ಮೆಲ್ಲಗೆ ನಕ್ಕಿತು. ಮಾಸ್ಟ್ರು ಕೈಮುಗಿದರು. "ಯಾರಾದ್ರೆ ಎಂತ, ನಮ್ಮ ಬಸದಿಯಲ್ಲಿ ಕಾಣುವ ನೆಮ್ಮದಿಯೇ ಇದು."

ಅಲ್ಲಿಂದ ಮುಂದೆ ಶೆಟ್ಟರನ್ನು ಹಿಡಿಯುವವರಿಲ್ಲ. ಹತ್ತೊಂಬತ್ತರ ಎದುರು ಹುರುಪಿನಲ್ಲಿ, "ಈಗ ಹತ್ತೊಂಬತ್ತನೇ ಟೇಬಲ್ ನೋಡುವ" ಎಂದುಬಿಟ್ಟರು. ನಾನು ಎಲ್ಲರ ಮುಖ ನೋಡಿದೆ. ವಿಚಿತ್ರ ಎಂದರೆ ಯಾರೂ ಏನೂ ಕೇಳಲಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡರು, ಮಾಸ್ಟ್ರು ಹೊಳೆಯ ಕಡೆ ತಿರುಗಿ ಕೆಮ್ಮಿದರು, ಅಷ್ಟೆ.

ಇಪ್ಪತ್ತಾರನೇ ಗುಹೆಗೆ ತಲುಪುವಾಗ ಹೊತ್ತು ಇಳಿದಿತ್ತು. ವಾರಿಜಕ್ಕನ ಮಂಡಿ ನೋವಿನಿಂದ ಅಲ್ಲಲ್ಲಿ ಕೂತು ಬರಬೇಕಾಯಿತು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಶೆಟ್ಟರು ಮುಂದೆ. ಎಡಕ್ಕೆ ತಿರುಗಿದವರು ಅಲ್ಲೇ ನಿಂತರು.

ಹೊಸಬರೇ, ಆ ಬುದ್ಧನನ್ನು ನಾನು ಅದೆಷ್ಟೋ ಸಲ ನೋಡಿದ್ದೇನೆ. ಗೋಡೆಯ ಉದ್ದಕ್ಕೂ ಮಲಗಿದ್ದಾನೆ. ಬಲಗೈ ಕೆನ್ನೆಯಡಿ, ಕಣ್ಣು ಮುಚ್ಚಿದೆ. ಇದು ಅವನ ಕೊನೆಯ ನಿದ್ದೆ. ಮಂಚದ ಕೆಳಗೆ ಶಿಷ್ಯರು ಸಾಲಾಗಿ ಕೂತು ಅಳುತ್ತಾರೆ, ಮೇಲೆ ಆಕಾಶದ ದೇವತೆಗಳು ಅವನನ್ನು ಬರಮಾಡಿಕೊಳ್ಳುವ ಸಂಭ್ರಮದಲ್ಲಿದ್ದಾರೆ. ಎಷ್ಟು ಸಲ ನೋಡಿದರೂ ನನ್ನ ದನಿ ತಾನಾಗಿ ಇಳಿಯುತ್ತದೆ.

ಶೆಟ್ಟರ ದನಿ ಹೊರಡಲೇ ಇಲ್ಲ. ಎಲ್ಲರೂ ಕಾದರು. ನಾನು ಹಿಂದಿನಿಂದ ಪಿಸುಗುಟ್ಟಿದೆ, "ಎಡಗಡೆ, ಮಲಗಿದವರು." ಅವರು ತಿರುಗಿದಾಗ ಕಣ್ಣಿನಲ್ಲಿ ನೀರಿತ್ತು.

"ನನಗೆ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೇ" ಎಂದರು. "ನಾನು ಇದನ್ನು ನೋಡಿದ್ದೇ ಇಲ್ಲ. ಯಾವುದನ್ನೂ ನೋಡಿದ್ದಿಲ್ಲ. ಇವತ್ತೇ ಮೊದಲು. ಇಷ್ಟು ವರ್ಷ ನಿಮಗೆಲ್ಲ ಸುಳ್ಳು ಹೇಳಿದ್ದು. ಇವರ ಎದುರು ನಿಂತು ಇನ್ನೂ ಹೇಳ್ಲಿಕ್ಕೆ ಆಗುದಿಲ್ಲ."

ಮಾಸ್ಟ್ರು ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು.

"ಗೊತ್ತುಂಟು ಶೆಟ್ರೇ. ಬಸ್ಸು ಅಂಕೋಲಾ ದಾಟುವ ಮೊದಲೇ ನಮಗೆಲ್ಲ ಗೊತ್ತಿತ್ತು."

ಶೆಟ್ಟರು ನನ್ನನ್ನು ನೋಡಿದರು. ನಾನು ಹೇಳಿದ್ದಲ್ಲ ಎಂದು ತಲೆ ಅಲ್ಲಾಡಿಸಿದೆ. ಆಗ ವಾರಿಜಕ್ಕ, "ಅವರನ್ನು ಎಂತಕ್ಕೆ ನೋಡ್ತೀರಿ, ನಾನೇ ಹೇಳಿದ್ದು" ಎಂದರು. "ಗಲ್ಲಾದಲ್ಲಿ ಕೂತೇ ಆಯುಷ್ಯ ಮುಗಿಸಿದ್ರು, ಒಂದು ದಿನ ಎಲ್ಲರಿಗೂ ತೋರಿಸಿದ ಸಂತೋಷ ಇವರಿಗೆ ಸಿಗ್ಲಿ, ಯಾರೂ ಬಾಯಿ ಬಿಡ್ಬೇಡಿ ಅಂತ ಹೇಳಿದ್ದೆ. ನೀವೇ ಬಿಟ್ರಿ."

"ನೀವು ನೋಡಿದ್ದೀರೋ ಇಲ್ವೋ, ನಮ್ಮನ್ನು ಇಲ್ಲಿಗೆ ಹೊರಡಿಸಿದ್ದು ನಿಮ್ಮ ಮಾತೇ ಅಲ್ವಾ?" ಎಂದರು ಮಾಸ್ಟ್ರು. "ಆದ್ರೆ ಆ ಹತ್ತೊಂಬತ್ತನೇ ಟೇಬಲ್ ಒಂದು, ನಗು ತಡೀಲಿಕ್ಕೆ ಭಾರೀ ಕಷ್ಟ ಆಯ್ತು." ಇಡೀ ಗುಂಪು ಒಟ್ಟಿಗೆ ನಕ್ಕಿತು. ಆ ನಗು ಕಲ್ಲಿನ ಮಾಡಿಗೆ ತಾಗಿ ದುಪ್ಪಟ್ಟಾಗಿ ಮರಳಿತು. ಕಾವಲುಗಾರರು ಓಡಿಬಂದು ಬಾಯಿಗೆ ಬೆರಳಿಟ್ಟರು. ಶೆಟ್ಟರು ಅಳುತ್ತಲೇ ನಗುತ್ತಿದ್ದರು.

ಆಮೇಲೆ ಗಂಡ ಹೆಂಡತಿ ಬುದ್ಧನ ಎದುರಿನ ಕಂಬದ ಬುಡದಲ್ಲಿ ಕೂತರು. ವಾರಿಜಕ್ಕ ನೋವಿನ ಕಾಲನ್ನು ಉದ್ದಕ್ಕೆ ಚಾಚಿದರು. ಶೆಟ್ಟರು ಮೆಲ್ಲಗೆ, "ನೋಡು ವಾರಿಜ, ಎಷ್ಟು ಆರಾಮದಲ್ಲಿ ಮಲಗಿದ್ದಾರೆ. ಹೋಟೆಲಿನಲ್ಲಿ ನಾವು ಒಂದು ದಿನ ಹೀಗೆ ಮಲಗಿದ್ದುಂಟಾ?" ಎಂದರು. "ಇವತ್ತು ಯಾವ ವಾರ?" ಎಂದು ವಾರಿಜಕ್ಕ ಕೇಳಿದರು. "ಗೊತ್ತಿಲ್ಲ" ಎಂದರು ಶೆಟ್ಟರು. "ಶುಕ್ರವಾರ ಅಂತ ಇಟ್ಟುಕೊಳ್ಳುವ" ಎಂದರು ವಾರಿಜಕ್ಕ.

ನಾನು ಹೊರಗೆ ಬಂದು ಸೂರ್ಯನನ್ನು ನೋಡಿದೆ. ಗುಡ್ಡದ ಕೆಳಗೆ, ನಮ್ಮ ಬಸ್ಸು ನಿಂತಲ್ಲಿ ಬಾಬಣ್ಣ ಅಡುಗೆ ಮಾಡಿ ಕಾಯುತ್ತಿದ್ದರು. ಈಗಲೇ ಹೊರಟರೆ ಮಾತ್ರ ಮಾಸ್ಟ್ರಿಗೆ ಹೊತ್ತಿಗೆ ಊಟ. ಹೊರಡಬೇಕೆಂದರೆ ಆ ಇಬ್ಬರನ್ನು ಎಬ್ಬಿಸಬೇಕು. ಏನು ಮಾಡುವುದೆಂದು ತಿಳಿಯದೆ ಮಾಸ್ಟ್ರ ಹತ್ತಿರ ಹೋಗಿ, "ಮಾಸ್ಟ್ರೇ, ಸೂರ್ಯ" ಎಂದೆ.

ಅವರು ಒಳಗಿನ ಕಂಬದ ಕಡೆ ಒಮ್ಮೆ ನೋಡಿದರು. "ಎಬ್ಬಿಸ್ಬೇಡಿ ಹಮೀದಣ್ಣ. ನನ್ನ ಊಟ ನಾಳೆ ಬೆಳಿಗ್ಗೆಯೂ ಉಂಟು. ಅವರು ಇಷ್ಟು ವರ್ಷ ಕಾದದ್ದಲ್ವಾ."

ಆ ಹೊತ್ತಿಗೆ ದಣಿಗಳ ಫೋನು ಬಂತು. ಎಲ್ಲಿದ್ದೀರಿ ಎಂದರು. ಶೆಟ್ಟರ ಸಂಗತಿ ಎರಡು ಮಾತಿನಲ್ಲಿ ಹೇಳಿದೆ. "ಟಯರು ಸರಿಯಾಗಿ ನೋಡಿಸಿಕೊಂಡು ನಿಧಾನ ಬನ್ನಿ ಮಾರಾಯ" ಎಂದರು.

ಕಾವಲುಗಾರರು ಬಾಗಿಲು ಮುಚ್ಚಲು ಬಂದಾಗಲೇ ನಾವು ಎದ್ದದ್ದು. ಆ ಸಂಜೆ ನಾನು ಗುಡ್ಡದ ದಾರಿಯ ಬದಿಯಲ್ಲೇ ಚಾಪೆ ಹಾಸಿದೆ. ಬಸ್ಸಿನ ಹತ್ತಿರ ಎಲ್ಲರೂ ಬಿಸಿ ಗಂಜಿ ಕುಡಿಯುವಾಗ ಮಾಸ್ಟ್ರು ತಮ್ಮ ಸೀಟಿನಲ್ಲಿ ಕೂತು ಹೆಂಡತಿಗೆ ಫೋನಿನಲ್ಲಿ ಜಿಂಕೆಯ ಕತೆ ಹೇಳಿ ನಗುತ್ತಿದ್ದರು. ಬಾಬಣ್ಣ ಗಂಜಿ ಬಡಿಸುವಾಗ, ಮಾಸ್ಟ್ರು ಯಾಕೆ ಊಟಕ್ಕೆ ಬರಲಿ‍ಲ್ಲ ಎಂಬುದನ್ನು ಶೆಟ್ಟರಿಗೆ ಹೇಳಿದರು. ಶೆಟ್ಟರು ಬಟ್ಟಲು ಹಾಗೆಯೇ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ನಾನು ಲಾಡ್ಜಿನ ಹಿಂದಿನ ಅಂಗಳಕ್ಕೆ ಬರುವಾಗ ಒಲೆಯ ಮುಂದೆ ಶೆಟ್ಟರು ನಿಂತಿದ್ದರು. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಟವೆಲು ಹಾಕಿಕೊಂಡಿದ್ದರು. ಬಾಬಣ್ಣನನ್ನು ಬದಿಗೆ ಸರಿಸಿ ತಾವೇ ಈರುಳ್ಳಿ ಹಾಕದೆ ಉಪ್ಪಿಟ್ಟು ಮಾಡಿದ್ದರು. ಮಾಸ್ಟ್ರು ಸ್ನಾನ ಮಾಡಿ ಬಂದು ಬೆಂಚಿನಲ್ಲಿ ಕೂತು ಪೂರ್ವಕ್ಕೆ ನೋಡುತ್ತಿದ್ದರು. ಗುಡ್ಡದ ಮೇಲೆ ಸೂರ್ಯನ ಅಂಚು ಕಂಡಿತೋ ಇಲ್ಲವೋ, ಶೆಟ್ಟರು ಹಬೆಯಾಡುವ ತಟ್ಟೆ ಎತ್ತಿಕೊಂಡು ಮಾಸ್ಟ್ರ ಬೆಂಚಿನ ಕಡೆ ಹೊರಟರು. ದಾರಿಗೆ ಅಡ್ಡ ನಿಂತಿದ್ದ ನಮ್ಮನ್ನೆಲ್ಲ ಸರಿಯಲು ಹೇಳಿ, ಇಡೀ ಲಾಡ್ಜಿಗೆ ಕೇಳುವಂತೆ ಕೂಗಿದರು:

"ಮೊದಲು ಇಪ್ಪತ್ತಾರನೇ ಟೇಬಲ್ಲಿಗೆ!"